ನ್ಯಾಸ್ ಪೆಟ್ಟಿಗೆ ಕೈಕೊಟ್ಟಾಗ ಒಳಗಿನ ಡೇಟಾ ತೆಗೆಯುವುದು ಹೇಗೆ?

ರೂಟರ್ ಪಕ್ಕದಲ್ಲಿ ಒಂದು ಪುಟ್ಟ ಪೆಟ್ಟಿಗೆ. ಅದರೊಳಗೆ ಎರಡೋ ನಾಲ್ಕೋ ಹಾರ್ಡ್ ಡಿಸ್ಕ್. ಮನೆಯವರೆಲ್ಲರ ಮೊಬೈಲ್ ಫೋಟೋ, ಮದುವೆ ವಿಡಿಯೋ, ಸೈಟಿನ ಪತ್ರಗಳ ಸ್ಕ್ಯಾನ್ ಎಲ್ಲ ಅದಕ್ಕೇ ಹೋಗುತ್ತವೆ. ಇದಕ್ಕೆ ನ್ಯಾಸ್ ಅನ್ನುತ್ತಾರೆ, ಅಂದರೆ ಮನೆಯ ನೆಟ್‌ವರ್ಕಿಗೆ ಸಿಕ್ಕಿಸಿದ ಡೇಟಾ ಉಗ್ರಾಣ. ಸಿನಾಲಜಿ, ಕ್ಯೂನ್ಯಾಪ್, ವೆಸ್ಟರ್ನ್ ಡಿಜಿಟಲ್ ಹೀಗೆ ಹಲವು ಕಂಪನಿಗಳು ಇದನ್ನು ಮಾರುತ್ತವೆ. ವರ್ಷಗಟ್ಟಲೆ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ. ಒಂದು ದಿನ ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಏಳುವುದೇ ಇಲ್ಲ. ಇಲ್ಲವೇ ಕಿತ್ತಳೆ ದೀಪ ಮಿನುಗಿಸುತ್ತಾ ಬೀಪ್ ಬೀಪ್ ಅಂತ ಕೂಗಲು ಶುರು ಮಾಡುತ್ತದೆ.

ಇಂಥ ಪ್ರಕರಣಗಳನ್ನು ನೋಡುತ್ತಾ ಬಂದ ಹಾಗೆ ನನಗೆ ಅನ್ನಿಸಿರುವುದು ಇಷ್ಟು. ಪೆಟ್ಟಿಗೆ ಕೆಟ್ಟು ಹೋದ ಡೇಟಾಕ್ಕಿಂತ, ಕೆಟ್ಟ ಮೇಲೆ ಗಾಬರಿಯಲ್ಲಿ ಏನೇನೋ ಒತ್ತಿ ಕಳೆದುಕೊಂಡ ಡೇಟಾವೇ ಜಾಸ್ತಿ. ಅದಕ್ಕೇ ಪದೇ ಪದೇ ಆನ್ ಆಫ್ ಮಾಡುವುದನ್ನು ಮೊದಲು ನಿಲ್ಲಿಸಿ. ರಿಪೇರ್, ಇನಿಶಿಯಲೈಸ್, ರೀಸೆಟ್ ಅಂತ ಬರೆದ ಯಾವ ಬಟನ್ನನ್ನೂ ಮುಟ್ಟಬೇಡಿ. ಫೋಲ್ಡರ್‌ಗಳು ಇನ್ನೂ ತೆರೆಯುತ್ತಿದ್ದರೆ, ಬೇರೇನೂ ಮಾಡುವ ಮೊದಲು ಮುಖ್ಯವಾದವನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ತೆರೆಯುತ್ತಿಲ್ಲ ಅಂದರೆ ಆಫ್ ಮಾಡಿ. ಯಾವ ಟ್ರೇಯಲ್ಲಿ ಯಾವ ಡಿಸ್ಕ್ ಇತ್ತು ಅಂತ ಡಿಸ್ಕಿನ ಮೇಲೇ ಮಾರ್ಕರ್‌ನಲ್ಲಿ ಬರೆದಿಡಿ. ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಇವತ್ತು ರಾತ್ರಿಯೇ ಎಲ್ಲ ಮುಗಿಸಬೇಕು ಅಂತೇನೂ ಇಲ್ಲ. ಆಫ್ ಆಗಿರುವ ಡಿಸ್ಕಿನಲ್ಲಿರುವ ಡೇಟಾ ಎಲ್ಲಿಗೂ ಓಡಿಹೋಗುವುದಿಲ್ಲ.

ಪೆಟ್ಟಿಗೆಯೊಳಗೆ ಇರುವುದೇನು

ನ್ಯಾಸ್ ಅಂದರೆ ಮಾನಿಟರ್, ಕೀಬೋರ್ಡ್ ಇಲ್ಲದ ಒಂದು ಸಣ್ಣ ಕಂಪ್ಯೂಟರ್. ಮನೆಗಳಲ್ಲಿ ಬಳಸುವ ಹೆಚ್ಚಿನವುಗಳಲ್ಲಿ ಓಡುವುದು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್. ಆದರೆ ಫೈಲುಗಳು ಡಿಸ್ಕಿನ ಮೇಲೆ ನೇರವಾಗಿ ಕೂತಿರುವುದಿಲ್ಲ, ನಡುವೆ ಕೆಲವು ಪದರಗಳಿವೆ. ಮೊದಲು ಪ್ರತಿ ಡಿಸ್ಕನ್ನೂ ಪಾರ್ಟಿಷನ್‌ಗಳಾಗಿ ಹೋಳು ಮಾಡಲಾಗುತ್ತದೆ. ಸಿನಾಲಜಿಯಲ್ಲಾದರೆ ಮೊದಲ ಹೋಳು ಆಪರೇಟಿಂಗ್ ಸಿಸ್ಟಮ್‌ಗೆ, ಎರಡನೆಯದು ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಜಾಗ), ಉಳಿದ ದೊಡ್ಡ ಹೋಳು ನಿಮ್ಮ ಡೇಟಾಕ್ಕೆ. ಎಲ್ಲ ಡಿಸ್ಕುಗಳ ದೊಡ್ಡ ಹೋಳುಗಳನ್ನು ಜೋಡಿಸಿ ರೇಡ್ ಅನ್ನುವ ಕೂಟ ಕಟ್ಟುತ್ತಾರೆ. ಎಷ್ಟೋ ಮಾದರಿಗಳಲ್ಲಿ ಅದರ ಮೇಲೆ ಜಾಗವನ್ನು ಬೇಕಾದಂತೆ ಹಂಚುವ ಎಲ್‌ವಿಎಂ ಅನ್ನುವ ಇನ್ನೊಂದು ಪದರ ಇರುತ್ತದೆ. ಎಲ್ಲಕ್ಕಿಂತ ಮೇಲೆ ಯಾವ ಫೈಲ್ ಎಲ್ಲಿದೆ ಅಂತ ಲೆಕ್ಕ ಇಡುವ ಫೈಲ್ ಸಿಸ್ಟಮ್, ಸಾಮಾನ್ಯವಾಗಿ ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್. ರಿಕವರಿ ಅಂದರೆ ಯಾವ ಪದರ ಮುರಿದಿದೆ ಅಂತ ಕಂಡುಹಿಡಿಯುವುದು, ಅಷ್ಟೇ.

ಸಿನಾಲಜಿ, ಕ್ಯೂನ್ಯಾಪ್ ಎರಡೂ ಹೆಚ್ಚಾಗಿ ರೇಡ್‌ಗೆ ಲಿನಕ್ಸ್‌ನದೇ ಎಂಡಿ ವ್ಯವಸ್ಥೆ ಬಳಸುತ್ತವೆ. ಅದನ್ನು ನಿಭಾಯಿಸುವ ಕಮ್ಯಾಂಡ್‌ನ ಹೆಸರು ಎಂಡಿಎಡಿಎಂ. ಉಬುಂಟು ಅನ್ನುವ ಲಿನಕ್ಸ್ ಓಡುವ ಯಾವ ಕಂಪ್ಯೂಟರಿಗೂ ಪುಕ್ಕಟೆ ಹಾಕಿಕೊಳ್ಳಬಹುದು. ಸಿನಾಲಜಿಯವರು ತಮ್ಮದೇ ಬಗೆಯ ರೇಡ್, ಎಸ್‌ಎಚ್‌ಆರ್ ಅಂತ ದೊಡ್ಡದಾಗಿ ಹೇಳಿಕೊಳ್ಳುವುದೂ ಒಳಗೆ ಇದೇ ಎಂಡಿ, ಮೇಲೊಂದು ಎಲ್‌ವಿಎಂ.

ನಿಮಗೆ ಅನುಕೂಲವಾಗುವ ಸಂಗತಿ ಒಂದಿದೆ. ಕೂಟದ ವಿವರ ಪೆಟ್ಟಿಗೆಯ ಚಿಪ್ಪಿನಲ್ಲಿ ಇರುವುದಿಲ್ಲ, ಪ್ರತಿ ಡಿಸ್ಕಿನ ಮೇಲೂ ಬರೆದಿರುತ್ತದೆ. ಸೂಪರ್‌ಬ್ಲಾಕ್ ಅನ್ನುವ ಆ ಸಣ್ಣ ದಾಖಲೆಯಲ್ಲಿ ನಾನು ಯಾವ ಕೂಟದವನು, ಒಟ್ಟು ಎಷ್ಟು ಜನ, ನನ್ನ ಸ್ಥಾನ ಎಷ್ಟನೆಯದು, ಕೊನೆಯ ಬಾರಿ ಬರೆದದ್ದು ಯಾವಾಗ ಅನ್ನುವುದೆಲ್ಲ ಇರುತ್ತದೆ. ಹಾಗಾಗಿ ಪೆಟ್ಟಿಗೆ ಸುಟ್ಟುಹೋದರೂ ಡಿಸ್ಕುಗಳು ನೆಟ್ಟಗಿದ್ದರೆ ಬೇರೆ ಲಿನಕ್ಸ್ ಕಂಪ್ಯೂಟರು ಅದನ್ನು ಓದಿ ಕೂಟವನ್ನು ಮತ್ತೆ ಕಟ್ಟಬಲ್ಲದು. ಡಿಸ್ಕುಗಳ ಕ್ರಮ ಅದಲು ಬದಲಾದರೂ ಎಂಡಿ ಗುರುತು ಹಿಡಿಯುತ್ತದೆ. ಮಾರ್ಕರ್‌ನಲ್ಲಿ ಬರೆದಿಡಿ ಅಂದದ್ದು ಆ ದಾಖಲೆಯೇ ಅಳಿಸಿಹೋಗಿದ್ದರೆ ಬೇಕಾಗುತ್ತದೆ ಅಂತ.

ಎರಡು ಡಿಸ್ಕಿನ ಪೆಟ್ಟಿಗೆಯಲ್ಲಿ ರೇಡ್ 1 ಇದ್ದರೆ ಎರಡರಲ್ಲೂ ಅದೇ ಡೇಟಾ. ಒಂದು ಹೋದರೆ ಇನ್ನೊಂದರಲ್ಲಿ ಪೂರ್ತಿ ಸಿಗುತ್ತದೆ. ಜಾಗ ಜಾಸ್ತಿ ಸಿಗಲಿ ಅಂತ ರೇಡ್ 0 ಆರಿಸಿಕೊಂಡಿದ್ದರೆ ಪ್ರತಿ ದೊಡ್ಡ ಫೈಲೂ ತುಂಡಾಗಿ ಎರಡರಲ್ಲೂ ಹಂಚಿಹೋಗಿರುತ್ತದೆ. ಒಂದು ಹೋದರೆ ಎರಡೂ ಹೋದ ಹಾಗೆಯೇ.

ಮೂರು ಅಥವಾ ಹೆಚ್ಚು ಡಿಸ್ಕಿದ್ದರೆ ಸಾಮಾನ್ಯವಾಗಿ ರೇಡ್ 5. ಇದರ ಲೆಕ್ಕ ಮೂರು ಅಂಕಿಗಳಲ್ಲಿ ಅರ್ಥವಾಗುತ್ತದೆ. ಮೊದಲ ಡಿಸ್ಕಿನಲ್ಲಿ 110, ಎರಡನೆಯದರಲ್ಲಿ 011 ಬರೆದಿದೆ ಅಂದುಕೊಳ್ಳಿ. ಒಂದರ ಕೆಳಗೆ ಒಂದು ಇಟ್ಟು ನೋಡಿದರೆ ಮೇಲಿನಿಂದ ಕೆಳಕ್ಕೆ ಪ್ರತಿ ಸಾಲಿನಲ್ಲೂ 1ರ ಸಂಖ್ಯೆ ಸಮ ಆಗಬೇಕು. ಅದಕ್ಕೆ ಮೂರನೆಯ ಡಿಸ್ಕಿನಲ್ಲಿ 101 ಬರೆಯುತ್ತಾರೆ. ಇದೇ ಪ್ಯಾರಿಟಿ. ಈಗ ಎರಡನೆಯ ಡಿಸ್ಕ್ ಸತ್ತಿತು. ಉಳಿದದ್ದು 110 ಮತ್ತು 101. ಮತ್ತೆ ಸಮ ಮಾಡಲು ಏನು ಬೇಕು? 011. ಹೋದದ್ದು ಅದೇ. ಯಾವುದಾದರೂ ಒಂದು ಡಿಸ್ಕ್ ಹೋದರೆ ಹೀಗೆ ಲೆಕ್ಕ ಹಾಕಿ ತರಬಹುದು. ಎರಡು ಹೋದರೆ ಲೆಕ್ಕಕ್ಕೆ ದಾರಿಯಿಲ್ಲ. ರೇಡ್ 6 ಇನ್ನೊಂದು ಬಗೆಯ ಪ್ಯಾರಿಟಿಯನ್ನೂ ಇಟ್ಟುಕೊಳ್ಳುವುದರಿಂದ ಎರಡು ಹೋದರೂ ತಡೆದುಕೊಳ್ಳುತ್ತದೆ.

ಕೆಟ್ಟಿದ್ದು ಪೆಟ್ಟಿಗೆಯೋ, ಡಿಸ್ಕೋ?

ಮೊದಲು ಅಡಾಪ್ಟರ್ ನೋಡಿ. ಎರಡು ಡಿಸ್ಕಿನ ಪೆಟ್ಟಿಗೆಗಳು ಹೆಚ್ಚಾಗಿ 12 ವೋಲ್ಟ್ ಅಡಾಪ್ಟರಿನಲ್ಲಿ ಓಡುತ್ತವೆ. ಅಡಾಪ್ಟರ್ ಹಳತಾದರೆ ದೀಪ ಹೊತ್ತಿಸುವಷ್ಟು ಕರೆಂಟ್ ಕೊಡುತ್ತದೆ, ಆದರೆ ಎರಡು ಡಿಸ್ಕ್ ಒಟ್ಟಿಗೆ ತಿರುಗಲು ಶುರು ಮಾಡಿದಾಗ ಬೇಕಾಗುವಷ್ಟು ಕೊಡುವುದಿಲ್ಲ. ಪೆಟ್ಟಿಗೆ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ನೋಡಿದವರು ಡಿಸ್ಕೇ ಹೋಯಿತು ಅಂದುಕೊಳ್ಳುತ್ತಾರೆ. ಅದೇ ವೋಲ್ಟೇಜಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ ಇನ್ನೊಂದು ಅಡಾಪ್ಟರ್ ಹಾಕಿ ನೋಡಿ. ಪಿನ್ ಕೂರುತ್ತದೆ ಅಂತ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಮಾತ್ರ ಚುಚ್ಚಬೇಡಿ. ಹೆಚ್ಚಿನ ವೋಲ್ಟೇಜ್ ಬಂದರೆ ತಾನು ಸುಟ್ಟು ಉಳಿದದ್ದನ್ನು ಕಾಯಲಿ ಅಂತ ಡಿಸ್ಕಿನ ಬೋರ್ಡ್ ಮೇಲೆ ಟಿವಿಎಸ್ ಡಯೋಡ್ ಇರುತ್ತದೆ. ಅದಾಗಲೇ ಹಾಗೆ ಸುಟ್ಟು ಡಿಸ್ಕ್ ಅಲುಗಾಡದೆ ಬಿದ್ದಿದ್ದರೆ, ತಿಳಿದವರ ಕೈಯಲ್ಲಿ ಅದು ಸಣ್ಣ ರಿಪೇರಿ ಆಗಿರಲೂಬಹುದು. ಎಸೆಯಬೇಡಿ.

ಅಡಾಪ್ಟರ್ ಸರಿಯಿದ್ದರೆ ಡಿಸ್ಕುಗಳನ್ನೆಲ್ಲ ಹೊರಗೆ ತೆಗೆದು ಖಾಲಿ ಪೆಟ್ಟಿಗೆ ಆನ್ ಮಾಡಿ. ಖಾಲಿಯಾಗಿ ಎದ್ದು ನೆಟ್‌ವರ್ಕಿನಲ್ಲಿ ಕಾಣಿಸಿಕೊಂಡರೆ ಬಹುಶಃ ತೊಂದರೆ ಯಾವುದೋ ಡಿಸ್ಕಿನದು. ಖಾಲಿಯಿದ್ದರೂ ಏಳದಿದ್ದರೆ ಪೆಟ್ಟಿಗೆಯದು.

ಪೆಟ್ಟಿಗೆ ಮಾತ್ರ ಸಾಯುವುದಕ್ಕೆ ಪ್ರಸಿದ್ಧ ಉದಾಹರಣೆಯೇ ಇದೆ. ಇಂಟೆಲ್‌ನ ಆಟಮ್ ಸಿ2000 ಸರಣಿಯ ಪ್ರೊಸೆಸರ್‌ಗಳಲ್ಲಿ ಗಡಿಯಾರದ ಸಂಕೇತ ಕೊಡುವ ಒಂದು ಭಾಗ ಕಾಲಕ್ರಮೇಣ ಸವೆದು ನಿಂತುಹೋಗುತ್ತದೆ ಅಂತ 2017ರಲ್ಲಿ ಹೊರಬಿತ್ತು. ಸಿನಾಲಜಿಯ ಡಿಎಸ್415 ಪ್ಲಸ್, ಡಿಎಸ್1515 ಪ್ಲಸ್, ಡಿಎಸ್1815 ಪ್ಲಸ್ ಇದೇ ಪ್ರೊಸೆಸರಿನವು. ಇವುಗಳ ವಿಚಿತ್ರ ಏನೆಂದರೆ, ಓಡುತ್ತಿದ್ದ ಪೆಟ್ಟಿಗೆ ಒಂದು ಅಪ್‌ಡೇಟಿಗೋ ಕರೆಂಟ್ ಕಟ್ಟಿಗೋ ರೀಸ್ಟಾರ್ಟ್ ಆದಾಗ ಮತ್ತೆ ಏಳುತ್ತಲೇ ಇರಲಿಲ್ಲ. ಕಂಪನಿ ಆ ಮಾದರಿಗಳ ವಾರಂಟಿ ವಿಸ್ತರಿಸಿತು. ವಾರಂಟಿ ಮುಗಿದವರು ಬೋರ್ಡಿಗೆ 100 ಓಮ್ ಆಸುಪಾಸಿನ ಒಂದು ರೆಸಿಸ್ಟರ್ ಬೆಸುಗೆ ಹಾಕಿ ಬದುಕಿಸಿಕೊಂಡರು. ಇಷ್ಟೆಲ್ಲ ರಾದ್ಧಾಂತದಲ್ಲಿ ಡಿಸ್ಕುಗಳಿಗೆ ಏನೂ ಆಗಿರಲಿಲ್ಲ.

ಹೀಗೆ ಪೆಟ್ಟಿಗೆ ಮಾತ್ರ ಸತ್ತಿದ್ದರೆ ಸುಲಭದ ದಾರಿ ಅದೇ ಕಂಪನಿಯ ಇನ್ನೊಂದು ಪೆಟ್ಟಿಗೆ. ಎಲ್ಲ ಡಿಸ್ಕುಗಳನ್ನೂ ಒಟ್ಟಿಗೆ ಹಾಕಿ ಆನ್ ಮಾಡಿದರೆ ಸಿನಾಲಜಿ ಇವು ಇನ್ನೊಂದು ಪೆಟ್ಟಿಗೆಯಿಂದ ಬಂದವು ಅಂತ ಗುರುತಿಸಿ ಮೈಗ್ರೇಟ್ ಮಾಡಲೇ ಅಂತ ಕೇಳುತ್ತದೆ. ಅದನ್ನೇ ಆರಿಸಿ. ಹೊಸದಾಗಿ ಇನ್‌ಸ್ಟಾಲ್ ಮಾಡುವ ಆಯ್ಕೆ ಕಂಡರೆ ಅಲ್ಲೇ ನಿಲ್ಲಿಸಿ. ಹಳೇ ಪೆಟ್ಟಿಗೆ ಎಲ್ಲಾದರೂ ಬಾಡಿಗೆಗೋ ಗೆಳೆಯರ ಮನೆಯಲ್ಲೋ ಸಿಕ್ಕಿದರೂ ಸಾಕು. ಕೆಲಸ ಮುಗಿದ ಮೇಲೆ ಅವರ ಡಿಸ್ಕುಗಳನ್ನು ಅವರಿಗೆ ವಾಪಸ್ ಹಾಕಿಕೊಡಬಹುದು.

ಕಂಪ್ಯೂಟರಿಗೆ ಸಿಕ್ಕಿಸುವ ಮುನ್ನ

ಇನ್ನೊಂದು ದಾರಿ ಮನೆಯ ಕಂಪ್ಯೂಟರ್. ಇಲ್ಲೇ ಅತಿ ಹೆಚ್ಚು ಅನಾಹುತ ಆಗುವುದು. ನ್ಯಾಸ್ ಡಿಸ್ಕನ್ನು ವಿಂಡೋಸ್‌ಗೆ ಸಿಕ್ಕಿಸಿದರೆ ಅದಕ್ಕೆ ಇಎಕ್ಸ್‌ಟಿ4 ಆಗಲಿ ಬಿಟಿಆರ್‌ಎಫ್‌ಎಸ್ ಆಗಲಿ ಅರ್ಥವಾಗುವುದಿಲ್ಲ. ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು ಅಂತ ಒಂದು ಕಿಟಕಿ ತೆರೆದುಕೊಳ್ಳುತ್ತದೆ. ಭಾಷೆ ಎಷ್ಟು ಸಭ್ಯವಾಗಿರುತ್ತದೆ ಅಂದರೆ ಎಂಥವರೂ ಓಕೆ ಒತ್ತಿಬಿಡುತ್ತಾರೆ. ಕ್ಯಾನ್ಸಲ್ ಒತ್ತಿ. ಡಿಸ್ಕ್ ಖಾಲಿ ಇದೆ ಅಂತ ವಿಂಡೋಸ್ ಹೇಳಿದರೆ ಅದರ ಅರ್ಥ ತನಗೆ ಓದಲು ಬರುವುದಿಲ್ಲ ಅಂತ, ಅಷ್ಟೇ.

ಉಬುಂಟುವನ್ನು ಪೆನ್ ಡ್ರೈವಿನಿಂದ ಬೂಟ್ ಮಾಡಿ, ಎಂಡಿಎಡಿಎಂ ಮತ್ತು ಎಲ್‌ವಿಎಂ2 ಇನ್‌ಸ್ಟಾಲ್ ಮಾಡಿಕೊಂಡರೆ ಉಪಕರಣಗಳು ಸಿದ್ಧ. ರೇಡ್ 1 ಆಗಿದ್ದರೆ ಒಂದೇ ಡಿಸ್ಕ್ ಸಾಕು, ಇನ್ನೊಂದನ್ನು ಹೊರಗೇ ಇಡಿ. ರೇಡ್ 5 ಆದರೆ ನಾಲ್ಕರಲ್ಲಿ ಕನಿಷ್ಠ ಮೂರು ಬೇಕು. ಡಿಸ್ಕ್ ಸಿಕ್ಕಿಸುವ ಸಾಟಾ ಪೋರ್ಟ್ ಸಾಲದಿದ್ದರೆ ಯುಎಸ್‌ಬಿ ಡಾಕ್ ನಡೆಯುತ್ತದೆ. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್ ಇದ್ದೇ ಇದೆ ಅಲ್ವಾ.

ಕೂಟವನ್ನು ಓದಲು ಮಾತ್ರ ಅನ್ನುವ ರೀತಿಯಲ್ಲಿ ಕಟ್ಟಿಸಬೇಕು, ಮೌಂಟ್ (ಅಂದರೆ ಒಳಗಿನ ಫೈಲುಗಳು ಕಾಣುವಂತೆ ತೆರೆಯುವುದು) ಕೂಡ ಹಾಗೇ ಮಾಡಬೇಕು. ಸುಮ್ನೆ ಮೌಂಟ್ ಮಾಡಿದರೂ ಡಿಸ್ಕಿನ ಮೇಲೆ ಬರೆಯಲಾಗುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಕರೆಂಟ್ ಹೋದಾಗ ಅರ್ಧಕ್ಕೆ ನಿಂತ ಕೆಲಸಗಳ ಪಟ್ಟಿ ಇಎಕ್ಸ್‌ಟಿ4ನ ಜರ್ನಲ್‌ನಲ್ಲಿ ಇರುತ್ತದೆ. ಮೌಂಟ್ ಆದ ಕೂಡಲೇ ಅದನ್ನು ಪೂರ್ತಿ ಮಾಡಲು ಹೊರಡುತ್ತದೆ. ಓದಲು ಮಾತ್ರ ಅಂದರೂ ಜರ್ನಲ್ ಓಡಿಸಿಬಿಡಬಹುದು. ಆದ್ದರಿಂದ ಜರ್ನಲ್ ಓಡಿಸಬೇಡ ಅಂತ ಹೇಳುವ ನೋಲೋಡ್ ಆಯ್ಕೆಯನ್ನೂ ಜೊತೆಗೆ ಕೊಡಬೇಕು.

ಎಲ್ಲ ಪೆಟ್ಟಿಗೆಗಳೂ ಇಷ್ಟು ಸರಳವಾಗಿ ತೆರೆಯುವುದಿಲ್ಲ. ಕ್ಯೂನ್ಯಾಪ್ ತನ್ನ ಹಲವು ಮಾದರಿಗಳಲ್ಲಿ ಎಲ್‌ವಿಎಂ ಪದರವನ್ನು ತನಗೆ ಬೇಕಾದಂತೆ ತಿದ್ದಿಕೊಂಡಿದೆ, ಉಬುಂಟುವಿಗೆ ಅದು ಅರ್ಥವಾಗದೇ ಹೋಗಬಹುದು. ಆಗ ಇನ್ನೊಂದು ಕ್ಯೂನ್ಯಾಪ್ ಪೆಟ್ಟಿಗೆ ಅಥವಾ ಯುಎಫ್‌ಎಸ್ ಎಕ್ಸ್‌ಪ್ಲೋರರ್‌ನಂಥ ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಬೇಕು. ವೆಸ್ಟರ್ನ್ ಡಿಜಿಟಲ್‌ನ ಹಳೆಯ ಮೈ ಬುಕ್ ಲೈವ್ ಕಥೆ ಇನ್ನೂ ಮಜವಾಗಿದೆ. ಅದರಲ್ಲಿದ್ದದ್ದು ಪವರ್‌ಪಿಸಿ ಪ್ರೊಸೆಸರ್, ಫೈಲ್ ಸಿಸ್ಟಮ್‌ನ ಬ್ಲಾಕ್ ಗಾತ್ರ 64 ಕೆಬಿ. ಮಾಮೂಲಿ ಪಿಸಿಯ ಲಿನಕ್ಸ್ 4 ಕೆಬಿಗಿಂತ ದೊಡ್ಡ ಬ್ಲಾಕ್ ಇದ್ದರೆ ಮೌಂಟ್ ಮಾಡದೆ ಎರರ್ ಕೊಡುತ್ತಿತ್ತು. ಡಿಸ್ಕ್ ಕೆಟ್ಟಿದೆ ಅಂತ ಜನ ಕೈಬಿಟ್ಟರು. ಫ್ಯೂಸ್-ಇಎಕ್ಸ್‌ಟಿ2 ಅನ್ನುವ ಪುಕ್ಕಟೆ ಪ್ರೋಗ್ರಾಮ್ ಹಾಕಿಕೊಂಡವರಿಗೆ ಅದೇ ಡಿಸ್ಕಿನಿಂದ ಎಲ್ಲ ಸಿಕ್ಕಿತು.

ಎನ್‌ಕ್ರಿಪ್ಟ್ ಮಾಡಿದ್ದರೆ ಪಾಸ್‌ವರ್ಡ್ ಅಥವಾ ರಿಕವರಿ ಕೀ ಬೇಕೇ ಬೇಕು. ಅದಿಲ್ಲದೆ ಎಷ್ಟು ದೊಡ್ಡ ಲ್ಯಾಬ್‌ಗೆ ಹೋದರೂ ಪ್ರಯೋಜನವಿಲ್ಲ.

ಎರಡು ಡಿಸ್ಕ್ ಹೋಯಿತು ಅಂತ ತೋರಿಸಿದಾಗ

ರೇಡ್ 5 ಇದೆ, ನಾಲ್ಕು ಡಿಸ್ಕ್, ವಾಲ್ಯೂಮ್ ಕ್ರ್ಯಾಶ್ಡ್ ಅಂತ ಬರೆದಿದೆ. ಜನ ಆಸೆ ಬಿಡುವುದು ಇಲ್ಲೇ. ಆದರೆ ಎರಡು ಡಿಸ್ಕೂ ಒಂದೇ ದಿನ ಸಾಯುವುದು ಅಪರೂಪ. ಹೆಚ್ಚಾಗಿ ಆಗಿರುವುದು ಹೀಗೆ: ಒಂದು ಡಿಸ್ಕ್ ತಿಂಗಳುಗಳ ಹಿಂದೆಯೇ ಕೂಟದಿಂದ ಹೊರಬಿದ್ದಿರುತ್ತದೆ. ಬೀಪ್ ಸದ್ದು ಕಿರಿಕಿರಿ ಅಂತ ಯಾರೋ ಮ್ಯೂಟ್ ಮಾಡಿರುತ್ತಾರೆ. ಪೆಟ್ಟಿಗೆ ಪ್ಯಾರಿಟಿ ಲೆಕ್ಕದ ಮೇಲೆ ಕುಂಟುತ್ತಾ ಓಡುತ್ತಿರುತ್ತದೆ. ನಿನ್ನೆ ಇನ್ನೊಂದು ಡಿಸ್ಕ್ ಒಂದು ಕೆಟ್ಟ ಸೆಕ್ಟರ್ (ಡಿಸ್ಕ್ ಒಮ್ಮೆಗೆ ಓದುವ ಪುಟ್ಟ ತುಣುಕು) ಹತ್ತಿರ ಸಿಕ್ಕಿಹಾಕಿಕೊಂಡಿತು.

ಈ ಎರಡನೆಯದು ನಿಜಕ್ಕೂ ಸತ್ತಿರಬೇಕೆಂದಿಲ್ಲ. ಮಾಮೂಲಿ ಡೆಸ್ಕ್‌ಟಾಪ್ ಡಿಸ್ಕ್ ಕೆಟ್ಟ ಸೆಕ್ಟರನ್ನು ಓದಲು ಒಂದು ನಿಮಿಷಕ್ಕೂ ಜಾಸ್ತಿ ಹೆಣಗಾಡಬಹುದು. ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡ್ ಕಾಯುತ್ತದೆ. ಆಮೇಲೆ ಸಂಪರ್ಕ ರೀಸೆಟ್ ಮಾಡುತ್ತದೆ, ಉತ್ತರ ಬರಲಿಲ್ಲ ಅಂದರೆ ಡಿಸ್ಕ್ ಹೋಯಿತು ಅಂತ ತೀರ್ಮಾನಿಸಿ ಹೊರಹಾಕುತ್ತದೆ. ನ್ಯಾಸ್‌ಗೆಂದೇ ಮಾಡಿದ ಡಿಸ್ಕುಗಳು ಸುಮಾರು 7 ಸೆಕೆಂಡಿನಲ್ಲೇ ಓದಲಾಗಲಿಲ್ಲ ಅಂತ ಒಪ್ಪಿಕೊಂಡುಬಿಡುವುದು ಇದಕ್ಕೇ.

ಯಾವುದು ಯಾವಾಗ ಹೊರಬಿತ್ತು ಅಂತ ತಿಳಿಯಲು ಎಂಡಿಎಡಿಎಂನ ಎಕ್ಸಾಮಿನ್ ಆಯ್ಕೆ ಇದೆ. ಅದು ಸೂಪರ್‌ಬ್ಲಾಕನ್ನು ಓದಿ ತೋರಿಸುತ್ತದೆ, ಏನನ್ನೂ ಬರೆಯುವುದಿಲ್ಲ. ಅಲ್ಲಿ ಇವೆಂಟ್ಸ್ ಅನ್ನುವ ಸಾಲು ನೋಡಿ. ಕೂಟದಲ್ಲಿ ಏನಾದರೂ ಬದಲಾದಾಗಲೆಲ್ಲ ಈ ಅಂಕಿ ಏರುತ್ತಾ ಹೋಗುತ್ತದೆ. ಉದಾಹರಣೆಗೆ ಒಂದನೇ ಡಿಸ್ಕಿನಲ್ಲಿ 48210, ಎರಡನೆಯದರಲ್ಲೂ 48210, ಮೂರನೆಯದರಲ್ಲಿ 48207, ನಾಲ್ಕನೆಯದರಲ್ಲಿ 31955 ಇದೆ ಅಂದುಕೊಳ್ಳಿ. ಕಥೆ ಸ್ಪಷ್ಟವಾಯಿತು. ಮೂರನೆಯದು ಈಗಷ್ಟೇ ಹೊರಬಿದ್ದದ್ದು, ಮೂರು ಹೆಜ್ಜೆ ಹಿಂದಿದೆ. ನಾಲ್ಕನೆಯದು ಯಾವತ್ತೋ ಹೋಗಿದೆ. ಪಕ್ಕದಲ್ಲೇ ಅಪ್‌ಡೇಟ್ ಟೈಮ್ ಸಾಲಿನಲ್ಲಿ ತಾರೀಖೂ ಇರುತ್ತದೆ.

ಮೊದಲ ಮೂರನ್ನು ಫೋರ್ಸ್ ಆಯ್ಕೆ ಕೊಟ್ಟು ಒಟ್ಟಿಗೆ ಕಟ್ಟಿಸಿದರೆ ಹೆಚ್ಚುಕಡಿಮೆ ಎಲ್ಲ ಡೇಟಾ ಸಿಗುತ್ತದೆ. ಕೊನೇ ಕ್ಷಣದಲ್ಲಿ ಬರೆಯುತ್ತಿದ್ದ ಫೈಲ್ ಒಂದೆರಡು ಕೆಟ್ಟಿರಬಹುದು. ನಾಲ್ಕನೆಯದು ಚೆನ್ನಾಗಿ ತಿರುಗುತ್ತಿದೆ, ಸದ್ದಿಲ್ಲ, ಎರರ್ ಇಲ್ಲ ಅಂತ ಮೂರನೆಯದರ ಬದಲು ಅದನ್ನು ಸೇರಿಸಿದಿರೋ, ಹೋದ ವರ್ಷದ ಪಂಚಾಂಗ ಹಿಡಿದು ಈ ವರ್ಷದ ಮುಹೂರ್ತ ಇಟ್ಟ ಹಾಗೆ. ಡಿಸ್ಕಿನ ಆರೋಗ್ಯ ಚೆನ್ನಾಗಿದೆ, ಒಳಗಿನ ತುಣುಕುಗಳು ಹಳೆಯವು. ಹೊಸ ತುಣುಕುಗಳ ಜೊತೆ ಲೆಕ್ಕ ಹಾಕಿದಾಗ ಬರುವುದು ಕಸ.

ಎಂಡಿಎಡಿಎಂನಲ್ಲಿ ಕ್ರಿಯೇಟ್ ಅನ್ನುವ ಆಯ್ಕೆಯೂ ಇದೆ. ಹೊಸ ಕೂಟ ಕಟ್ಟಲು ಇರುವುದು. ಹೀಗೆ ಮಾಡಿ ನೋಡಿ, ನನಗೆ ಕೆಲಸ ಮಾಡಿತು ಅಂತ ಯಾರಾದರೂ ಹೇಳಿದರೆ ನಂಬಿ ಓಡಿಸಬೇಡಿ. ಅದು ಹಳೆಯ ಸೂಪರ್‌ಬ್ಲಾಕ್ ಮೇಲೆ ಹೊಸದನ್ನು ಬರೆಯುತ್ತದೆ. ಡಿಸ್ಕುಗಳ ಕ್ರಮ, ತುಂಡಿನ ಗಾತ್ರ, ಡೇಟಾ ಶುರುವಾಗುವ ಜಾಗ ಇವುಗಳಲ್ಲಿ ಒಂದು ತಪ್ಪಿದರೂ ಸಿಗಬೇಕಾಗಿದ್ದದ್ದು ಕೈತಪ್ಪಬಹುದು. ಅನುಭವಸ್ಥರು ಕೊನೆಯ ಅಸ್ತ್ರವಾಗಿ ಅದನ್ನು ಬಳಸುವುದುಂಟು, ಅದೂ ನಕಲಿನ ಮೇಲೆ.

ಒಂದೇ ಡಿಸ್ಕ್ ಹೋಗಿದ್ದರೆ ಹೊಸದು ಹಾಕಿ ರಿಪೇರ್ ಒತ್ತುವುದು ಕಂಪನಿಗಳೇ ಹೇಳುವ ಕ್ರಮ. ತಪ್ಪೇನಿಲ್ಲ. ಆದರೆ ಆಗ ಉಳಿದ ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಾಗುತ್ತದೆ. ಸೆಕೆಂಡಿಗೆ 150 ಎಂಬಿ ಓದಿದರೂ 4 ಟಿಬಿ ಡಿಸ್ಕಿಗೆ ಏಳು ಗಂಟೆ ಮೀರುತ್ತದೆ. ಒಟ್ಟಿಗೆ ಕೊಂಡ, ಒಟ್ಟಿಗೆ ಹಳತಾದ ಡಿಸ್ಕುಗಳಿಗೆ ಇದು ದೊಡ್ಡ ಪರೀಕ್ಷೆ. ವರ್ಷಗಳಿಂದ ಯಾರೂ ಓದದ ಮೂಲೆಯಲ್ಲಿ ಕೆಟ್ಟ ಸೆಕ್ಟರ್ ಇದ್ದರೆ ಈಗಲೇ ಗೊತ್ತಾಗುವುದು. ಡೇಟಾದ ಸಾಲುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಎಸ್‌ಎಂಆರ್ ಬಗೆಯ ಡಿಸ್ಕ್ ಆದರಂತೂ ರಿಪೇರಿ ದಿನಗಟ್ಟಲೆ ಎಳೆಯಬಹುದು. ವೆಸ್ಟರ್ನ್ ಡಿಜಿಟಲ್ ತನ್ನ ನ್ಯಾಸ್ ಡಿಸ್ಕಾದ ರೆಡ್ ಸರಣಿಯ ಕೆಲವು ಮಾದರಿಗಳಲ್ಲಿ ಹೇಳದೇ ಎಸ್‌ಎಂಆರ್ ಬಳಸಿತ್ತು ಅಂತ 2020ರಲ್ಲಿ ಬಯಲಾಗಿ ದೊಡ್ಡ ಗಲಾಟೆಯೇ ಆಯಿತು. ನನ್ನ ಮಾತು ಕೇಳುವುದಾದರೆ ಮೊದಲು ಕಾಪಿ, ಆಮೇಲೆ ರಿಪೇರ್.

ಡಿಸ್ಕೇ ಸಾಯುತ್ತಿದ್ದರೆ

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಕರೆಂಟ್ ಪೆಂಡಿಂಗ್ ಸೆಕ್ಟರ್ ಅನ್ನುವ ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೇನಿದ್ದರೂ, ಓದಲು ಕಷ್ಟವಾಗಿರುವ ಜಾಗಗಳು ಅಷ್ಟಿವೆ ಅಂತ. ಅಂಥ ಡಿಸ್ಕಿನ ಮೇಲೆ ನೇರವಾಗಿ ರಿಕವರಿ ಸಾಫ್ಟ್‌ವೇರ್ ಓಡಿಸಬಾರದು. ಮೊದಲು ಅದನ್ನು ಸೆಕ್ಟರ್ ಸೆಕ್ಟರಾಗಿ ಇನ್ನೊಂದು ಒಳ್ಳೆಯ ಡಿಸ್ಕಿಗೆ ನಕಲು ಮಾಡಬೇಕು. ಮಾಮೂಲಿ ಕಾಪಿ ಮೊದಲ ಕೆಟ್ಟ ಸೆಕ್ಟರಿಗೇ ನಿಂತುಬಿಡುತ್ತದೆ.

ಜಿಎನ್‌ಯು ಡಿಡಿರೆಸ್ಕ್ಯೂ ಇದಕ್ಕೆಂದೇ ಇರುವ ಪ್ರೋಗ್ರಾಮ್. ಪುಕ್ಕಟೆ. ಅದರ ಜಾಣತನ ಓದುವ ಕ್ರಮದಲ್ಲಿದೆ. ಮೊದಲ ಸುತ್ತಿನಲ್ಲಿ ಸುಲಭವಾಗಿ ಓದುವ ಜಾಗಗಳನ್ನೆಲ್ಲ ಬೇಗ ಬೇಗ ಎತ್ತಿಕೊಳ್ಳುತ್ತದೆ. ಕಷ್ಟವಾದ ಕಡೆ ತಡೆದು ನಿಲ್ಲದೆ ಹಾರಿ ಮುಂದಕ್ಕೆ ಹೋಗುತ್ತದೆ. ಆಮೇಲೆ ವಾಪಸ್ ಬಂದು ಬಿಟ್ಟ ಜಾಗಗಳ ಅಂಚನ್ನು ಕೆರೆಯುತ್ತದೆ, ಕೊನೆಯಲ್ಲಿ ಒಂದೊಂದೇ ಸೆಕ್ಟರಿಗೆ ಕೈ ಹಾಕುತ್ತದೆ. ಸಾಯುತ್ತಿರುವ ಡಿಸ್ಕ್ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು, ಅಷ್ಟರಲ್ಲಿ ಸಿಗುವಷ್ಟು ಸಿಗಲಿ ಅಂತ. ಏನೇನು ಓದಿತು, ಏನು ಬಾಕಿ ಅಂತ ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಮ್ಯಾಪ್ ಫೈಲ್ ಕೊಡದೆ ಓಡಿಸುವುದು ಶುದ್ಧ ದಡ್ಡತನ. ಅದಿದ್ದರೆ ರಾತ್ರಿ ಕರೆಂಟ್ ಹೋದರೂ ಬೆಳಿಗ್ಗೆ ನಿಂತಲ್ಲಿಂದಲೇ ಮುಂದುವರಿಸಬಹುದು.

ಕೊನೆಗೆ 4 ಕೆಬಿಯ 40 ಸೆಕ್ಟರ್ ಓದಲಾಗದೆ ಉಳಿದವು ಅನ್ನಿ. ಒಟ್ಟು 160 ಕೆಬಿ. ಒಂದು ಫೋಟೋದಷ್ಟೂ ಇಲ್ಲ. ಅದು ಫೈಲ್ ಸಿಸ್ಟಮ್‌ನ ಮುಖ್ಯ ಜಾಗದಲ್ಲಿ ಬೀಳದಿದ್ದರೆ 4 ಟಿಬಿಯಲ್ಲಿ ನಿಮಗೆ ನಷ್ಟವಾದದ್ದು ಒಂದೋ ಎರಡೋ ಫೈಲ್. ಹೀಗೆ ಮೂರು ಡಿಸ್ಕಿನ ನಕಲು ತೆಗೆದುಕೊಂಡು, ಮೇಲೆ ಹೇಳಿದ ಫೋರ್ಸ್ ಕೆಲಸವನ್ನು ಆ ನಕಲುಗಳ ಮೇಲೆ ಮಾಡಿ. ತಪ್ಪಿದರೂ ಅಸಲು ಹಾಗೇ ಇರುತ್ತದೆ. ನಕಲಿನ ಮೇಲೂ ಬರೆಯದ ಹಾಗೆ, ಬರೆಯುವುದೆಲ್ಲ ಬೇರೆ ಫೈಲಿಗೆ ಹೋಗುವಂತೆ ಮಾಡುವ ಓವರ್‌ಲೇ ಅನ್ನುವ ಉಪಾಯವೂ ಲಿನಕ್ಸ್‌ನಲ್ಲಿದೆ.

ಡಿಸ್ಕಿನಿಂದ ಟಕ್ ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಮೇಲಿನದ್ಯಾವುದೂ ಬೇಡ. ತಕ್ಷಣ ಆಫ್ ಮಾಡಿ. ಓದುವ ಹೆಡ್ ಡಿಸ್ಕಿನ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಅದು ಹಾಳಾಗಿ ತಟ್ಟೆಗೆ ತಾಗಿದರೆ ಪ್ರತಿ ಸುತ್ತಿಗೂ ಡೇಟಾ ಇರುವ ಲೇಪನವೇ ಕಿತ್ತುಬರುತ್ತದೆ. ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವ ಹಳೇ ಮಾತನ್ನು ನಂಬಬೇಡಿ, ತಟ್ಟೆಯ ಮೇಲೆ ತೇವ ಕೂರುವುದಷ್ಟೇ ಲಾಭ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬೋರ್ಡ್ ತಂದು ಹಾಕಿದರೂ ಈಗಿನ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಆ ಡಿಸ್ಕಿಗೆ ಮಾತ್ರ ಹೊಂದುವ ಅಳತೆಗಳು ಬೋರ್ಡಿನ ರೋಮ್ (ROM) ಚಿಪ್ಪಿನಲ್ಲೇ ಇರುತ್ತವೆ, ಆ ಚಿಪ್ಪನ್ನೂ ವರ್ಗಾಯಿಸಬೇಕು.

ಇದು ಧೂಳಿಲ್ಲದ ಕ್ಲೀನ್ ರೂಮ್ ಇರುವ ಲ್ಯಾಬಿನ ಕೆಲಸ. ಕೊಡುವ ಮೊದಲು ಕೆಲವು ವಿಷಯ ಕೇಳಿ. ಡಿಸ್ಕ್ ಬಿಚ್ಚುವುದು ನಿಮ್ಮಲ್ಲೇನಾ, ಬೇರೆಯವರಿಗೆ ಕಳಿಸುತ್ತೀರಾ? ಡೇಟಾ ಸಿಗದಿದ್ದರೆ ಎಷ್ಟು ಕೊಡಬೇಕು? ದುಡ್ಡು ಕೊಡುವ ಮೊದಲು ಸಿಕ್ಕ ಫೈಲುಗಳ ಪಟ್ಟಿ ತೋರಿಸುತ್ತೀರಾ? ಕೊಡುವಾಗ ಕೂಟದ ಎಲ್ಲ ಡಿಸ್ಕುಗಳನ್ನೂ ಕೊಡಿ, ಹಿಂದೆ ಹೊರಬಿದ್ದದ್ದನ್ನೂ ಸೇರಿಸಿ. ನೀವು ಏನೇನು ಮಾಡಿ ನೋಡಿದಿರಿ ಅಂತ ಮುಚ್ಚಿಡದೆ ಹೇಳಿ. ಡಾಕ್ಟರ ಹತ್ತಿರ ಮುಚ್ಚಿಟ್ಟರೆ ನಷ್ಟ ಯಾರಿಗೆ?

ಯಂತ್ರ ಸರಿಯಿದೆ, ಫೈಲುಗಳಿಲ್ಲ

2021ರ ಜೂನ್ ಕೊನೆಯಲ್ಲಿ ಹಲವು ದೇಶಗಳ ಮೈ ಬುಕ್ ಲೈವ್ ಮಾಲೀಕರು ಒಂದು ಬೆಳಿಗ್ಗೆ ನೋಡಿದರೆ ಪೆಟ್ಟಿಗೆ ಓಡುತ್ತಿದೆ, ಒಳಗೆ ಏನೂ ಇಲ್ಲ. 2015ರ ನಂತರ ಅಪ್‌ಡೇಟೇ ಬಾರದಿದ್ದ ಆ ಪೆಟ್ಟಿಗೆಗಳ ದೋಷ ಬಳಸಿ ಯಾರೋ ಇಂಟರ್ನೆಟ್ ಮೂಲಕ ಫ್ಯಾಕ್ಟರಿ ರೀಸೆಟ್ ಮಾಡಿದ್ದರು. ಕಂಪನಿ ಕೂಡಲೇ ಇಂಟರ್ನೆಟ್ ತಂತಿ ಕೀಳಿ ಅಂತ ಹೇಳಿತು, ಆಮೇಲೆ ಡೇಟಾ ರಿಕವರಿ ಸೇವೆಯನ್ನೂ ಘೋಷಿಸಿತು. ರೀಸೆಟ್ ಆದಾಗ ಅಳಿಸಿಹೋಗುವುದು ಮುಖ್ಯವಾಗಿ ಫೈಲುಗಳ ಸೂಚಿ. ಫೈಲುಗಳ ಮೈ ತಟ್ಟೆಯ ಮೇಲೇ ಇರುತ್ತದೆ, ಹೊಸತು ಬರೆದು ಮುಚ್ಚುವವರೆಗೆ. ಬೇಗ ಆಫ್ ಮಾಡಿದವರಿಗೆ ಅವಕಾಶ ಹೆಚ್ಚು ಅನ್ನುವುದು ಇದಕ್ಕೇ.

ಸೂಚಿ ಇಲ್ಲದೆ ಹುಡುಕುವ ಪುಕ್ಕಟೆ ಉಪಕರಣ ಫೋಟೋರೆಕ್. ಪ್ರತಿ ಬಗೆಯ ಫೈಲಿನ ಆರಂಭಕ್ಕೂ ಒಂದು ಗುರುತಿರುತ್ತದೆ. ಜೆಪೆಗ್ ಫೋಟೋ ಆದರೆ ಎಫ್‌ಎಫ್ ಡಿ8 ಎಫ್‌ಎಫ್ ಅನ್ನುವ ಮೂರು ಬೈಟ್. ಫೋಟೋರೆಕ್ ಇಡೀ ಡಿಸ್ಕಿನಲ್ಲಿ ಇವನ್ನೇ ಹುಡುಕಿ ಅಲ್ಲಿಂದ ಮುಂದಿನದನ್ನು ಎತ್ತುತ್ತದೆ. ಹೆಸರು, ಫೋಲ್ಡರ್ ಸಿಗುವುದಿಲ್ಲ. ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬ ಅಂತ ಅಂದವಾಗಿ ಹೆಸರಿಟ್ಟ ಫೋಲ್ಡರಿನ ಚಿತ್ರಗಳು ಬರೀ ನಂಬರ್ ಹೊತ್ತು ಬರುತ್ತವೆ. ತುಂಡಾಗಿ ಹರಡಿದ ದೊಡ್ಡ ವಿಡಿಯೋಗಳು ಸರಿಯಾಗಿ ಸಿಗುವುದು ಕಷ್ಟ. ತಟ್ಟೆಯಿಲ್ಲದ ಎಸ್‌ಎಸ್‌ಡಿ ಆಗಿದ್ದು, ಅಳಿಸಿದ ಜಾಗವನ್ನು ಖಾಲಿ ಮಾಡುವ ಟ್ರಿಮ್ ನಡೆದಿದ್ದರೆ ಇದಕ್ಕೂ ಆಸೆಯಿಲ್ಲ.

ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಹೊಡೆತಕ್ಕೂ ಕೆಲವೊಮ್ಮೆ ಇದೇ ಮದ್ದು. 2021ರ ಏಪ್ರಿಲ್‌ನಲ್ಲಿ ಕ್ಯೂನ್ಯಾಪ್‌ಗಳಿಗೆ ಬಿದ್ದ ಕ್ಯೂಲಾಕರ್ ಫೈಲುಗಳನ್ನು 7-ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ ಕಟ್ಟಿ ಮೂಲವನ್ನು ಅಳಿಸುತ್ತಿತ್ತು. ಅಳಿಸಿದ್ದು ಡಿಸ್ಕಿನಲ್ಲಿ ಉಳಿದಿರುತ್ತಲ್ಲ, ಕ್ಯೂನ್ಯಾಪ್ ಫೋಟೋರೆಕ್ ಆಧರಿಸಿಯೇ ಕ್ಯೂರೆಸ್ಕ್ಯೂ ಅನ್ನುವ ಸಾಧನ ಕೊಟ್ಟಿತು. 2022ರಲ್ಲಿ ಬಂದ ಡೆಡ್‌ಬೋಲ್ಟ್ ಇನ್ನೂ ಗಟ್ಟಿ. ಆದರೆ ಅದೇ ವರ್ಷ ನೆದರ್ಲೆಂಡ್ಸ್ ಪೊಲೀಸರು ಬಿಟ್‌ಕಾಯಿನ್ ಪಾವತಿ ಮಾಡಿದ ಹಾಗೆ ಮಾಡಿ, ಕೀ ಕೈಗೆ ಬಂದ ಕೂಡಲೇ ಪಾವತಿ ರದ್ದು ಮಾಡಿ 155 ಕೀಗಳನ್ನು ಎಗರಿಸಿದರು. ಲಾಕ್ ಆದ ಫೈಲುಗಳನ್ನು ಅಳಿಸದೆ ಇಟ್ಟುಕೊಂಡವರಿಗೆ ಅವು ಉಪಯೋಗಕ್ಕೆ ಬಂದವು.

ಸಿಕ್ಕ ಫೈಲುಗಳನ್ನು ಯಾವತ್ತೂ ಬೇರೆ ಡಿಸ್ಕಿಗೆ ಹಾಕಿ, ಅದೇ ಡಿಸ್ಕಿಗಲ್ಲ. ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೋಲನ್ ಇದ್ದರೆ ವಿಂಡೋಸ್‌ಗೆ ಫಾರ್ಮ್ಯಾಟ್ ಆದ ಡಿಸ್ಕಿಗೆ ಕಾಪಿ ಮಾಡುವಾಗ ತಕರಾರು ಬರಬಹುದು. ಕಾಪಿ ಮುಗಿದ ಮೇಲೆ ಎರರ್ ಪಟ್ಟಿ ನೋಡದೆ ಕಿಟಕಿ ಮುಚ್ಚಬೇಡಿ. ಥಂಬ್‌ನೇಲ್ ಕಂಡಿತು ಅಂತಲೂ ನಂಬಬೇಡಿ. ಮೊಬೈಲ್ ಫೋಟೋಗಳಲ್ಲಿ ಚಿಕ್ಕ ಚಿತ್ರ ಫೈಲಿನ ತಲೆಯಲ್ಲೇ ಇರುತ್ತದೆ. ಕೆಳಗಿನ ಅರ್ಧ ಬೂದು ಬಣ್ಣಕ್ಕೆ ತಿರುಗಿದ ಫೋಟೋ ಕೂಡ ಪಟ್ಟಿಯಲ್ಲಿ ಚೆನ್ನಾಗೇ ಕಾಣುತ್ತದೆ. ಬೇರೆ ಬೇರೆ ವರ್ಷದ ಫೋಲ್ಡರುಗಳಿಂದ ಕೆಲವನ್ನು ಪೂರ್ತಿ ತೆರೆದು ನೋಡಿ, ವಿಡಿಯೋಗಳನ್ನು ನಡುವಿಗೆ, ಕೊನೆಗೆ ಎಳೆದು ನೋಡಿ. ಮನೆಯವರೆಲ್ಲ ತಮ್ಮ ತಮ್ಮದು ಸಿಕ್ಕಿದೆ ಅಂತ ಹೇಳುವವರೆಗೆ ಹಳೆಯ ಡಿಸ್ಕುಗಳನ್ನು ಹೊಸ ಪೆಟ್ಟಿಗೆಗೆ ಹಾಕಬೇಡಿ.